ನಾನು ಬರೆದುಕೊಟ್ಟ ಬೋರ್ಡು

ಕಂಪ್ಯೂಟರ್ ಅಂಗಡಿಗೆ ಹೋಗುವಾಗ ಗಂಡನನ್ನು ಕರೆದುಕೊಂಡು ಹೋಗಬಾರದು. ಈ ಬುದ್ಧಿ ನನಗೆ ಬಂದದ್ದು ತಡವಾಗಿ, ಹೊಸಪೇಟೆಗೆ ಎರಡು ಸಲ ಅಲೆದ ಮೇಲೆ.

ಕಂಪ್ಲಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾನು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಡಿಸೈನ್ ಮಾಡುತ್ತೇನೆ. ಹೊಸಪೇಟೆಯ ಒಂದು ಪ್ರೆಸ್ಸಿನವರು ಕೆಲಸ ಕೊಡುತ್ತಾರೆ. ನಾನು ಫೈಲ್ ಕಳಿಸುತ್ತೇನೆ, ಅವರು ಅಚ್ಚು ಹಾಕುತ್ತಾರೆ. ಹೋದ ಮದುವೆ ಸೀಸನ್ನಿಗೆ ಮುಂಚೆ ನನ್ನ ಹಳೆಯ ಕಂಪ್ಯೂಟರ್ ಕೈಕೊಡಲು ಶುರುಮಾಡಿತು. ಒಂದು ಗಣಪತಿ ಚಿತ್ರ ತೆರೆದುಕೊಳ್ಳುವಷ್ಟರಲ್ಲಿ ನಾನು ಒಂದು ಸೇರು ಅಕ್ಕಿ ಆರಿಸಿ ಮುಗಿಸುತ್ತಿದ್ದೆ. ಪ್ರೆಸ್ಸಿನವರು ಮೆತ್ತಗೇ ಹೇಳಿದರು: "ಅಕ್ಕಾರ, ಹಿಂಗ ತಡಾ ಆದ್ರ ನಾವು ಬ್ಯಾರೆಯವ್ರನ್ನ ನೋಡಬೇಕಾಗ್ತದ್ರಿ." ಆ ಕೆಲಸ ಹೋದರೆ ಇದು ನನ್ನದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ನನಗೆ ಬೇರೇನೂ ಇರಲಿಲ್ಲ.

ಪೂರ್ತಿ ಹೊಸದನ್ನು ಕೊಳ್ಳುವ ಅನುಕೂಲವಿಲ್ಲ. ಡಬ್ಬಿ, ಮಾನಿಟರ್, ಪವರ್ ಸಪ್ಲೈ ಹಳೆಯವೇ ಇರಲಿ, ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್ ಮಾತ್ರ ತಂದು ನಾನೇ ಜೋಡಿಸುತ್ತೇನೆ ಎಂದು ನಿರ್ಧರಿಸಿದೆ. ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಂತಿರಲಿಲ್ಲವಾದ್ದರಿಂದ ಅದು ಒಳಗೇ ಇರುವ ಪ್ರೊಸೆಸರ್ ಬೇಕಿತ್ತು, ಅಂಥದ್ದೊಂದು ಗೊತ್ತುಮಾಡಿಕೊಂಡೆ. ಕಷ್ಟ ಕೊಟ್ಟದ್ದು ಬೋರ್ಡು. ಪ್ರೊಸೆಸರ್ ಅದರಲ್ಲಿ ಸರಿಯಾಗಿ ಕೂತರೆ ಸಾಲದು. ಬೋರ್ಡು ಹಳೆಯ ಸ್ಟಾಕಿನದಾದರೆ ಹೊಸ ಪ್ರೊಸೆಸರಿನ ಗುರುತೇ ಅದಕ್ಕೆ ಹತ್ತುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ಹುಡುಕಿ ಹುಡುಕಿ, ತಕರಾರಿಲ್ಲದ, ಮುಂದೆ ರ್‍ಯಾಮ್ ಹೆಚ್ಚಿಸಲು ನಾಲ್ಕು ಸ್ಲಾಟ್ ಇರುವ ಒಂದು ಬೋರ್ಡನ್ನು ಆರಿಸಿದೆ. ಎರಡರ ಹೆಸರನ್ನೂ ಉಳಿದುಹೋದ ಮದುವೆ ಕಾರ್ಡೊಂದರ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ.

ಶನಿವಾರ ಹೊಸಪೇಟೆಯ ಅಂಗಡಿಗೆ ನಮ್ಮವರೂ ಜೊತೆಗೆ ಬಂದರು. ಅವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಕಂಪ್ಯೂಟರಿನಲ್ಲಿ ಅವರಿಗೆ ಗೊತ್ತಿರುವುದು ಬಟನ್ ಒತ್ತುವುದೊಂದೇ. ಆದರೂ ಅಂಗಡಿಯವನು ಬಾಯಿ ಬಿಟ್ಟದ್ದೇ ಅವರ ಕಡೆ ನೋಡಿ, "ಸರ್, ಯಾವ ಕೆಲಸಕ್ಕ ಬೇಕ್ರಿ?"

"ಡಿಸೈನ್ ಕೆಲಸಕ್ರಿ. ನನಗ," ಎಂದೆ.

ಅವನು ನನ್ನ ಕಡೆ ತಲೆಯಾಡಿಸಿ ಮತ್ತೆ ಅವರ ಕಡೆಗೇ ತಿರುಗಿದ. "ಸರ್, ದೋಣಿಮಲೈ ಮೈನ್ಸ್ ಕ್ವಾರ್ಟರ್ಸಿನವ್ರು ಭಾಳ ಮಂದಿ ಈ ಬೋರ್ಡ್ ಒಯ್ತಾರ್ರಿ. ಮಸ್ತ್ ಐತ್ರಿ." ಅದರಲ್ಲಿ ಸ್ಲಾಟ್ ಎಷ್ಟು ಎಂದು ನಾನು ಕೇಳಿದೆ. ಉತ್ತರ ಹೋದದ್ದು ನಮ್ಮವರ ಮುಖಕ್ಕೆ. ಅವರೋ, ಗಿರಣಿಯಲ್ಲಿ ಭತ್ತದ ಕಾಳು ಹಲ್ಲಿಗೆ ಹಾಕಿ ಕಡಿದು ಹಸಿಯೋ ಒಣಗಿದೆಯೋ ನೋಡುವಾಗಿನ ಗಾಂಭೀರ್ಯದಲ್ಲಿ ಹೂಂಗುಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡನ್ನು ಅಂಗಡಿಯವನ ಕೈಗಿಟ್ಟು, "ಇದ್ರಾಗ ಬರ್ದಿರೋದ ಬೇಕು," ಎಂದು ಹೇಳಿ, ಒಂದು ಸ್ಯಾಂಪಲ್ ತೋರಿಸಲು ಎರಡು ಅಂಗಡಿ ಆಚೆ ಇದ್ದ ಪ್ರೆಸ್ಸಿಗೆ ಹೋದೆ. ಹತ್ತು ನಿಮಿಷಕ್ಕೆ ತಿರುಗಿ ಬರುವಷ್ಟರಲ್ಲಿ ಎಲ್ಲವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದರು.

ಭಾನುವಾರ ಬೆಳಿಗ್ಗೆ ಚೀಲ ಬಿಚ್ಚಿದರೆ ಬೋರ್ಡು ನಾನು ಬರೆದುಕೊಟ್ಟದ್ದಲ್ಲ. ಎರಡೇ ಸ್ಲಾಟು. ಅಂಗಡಿಗೆ ರಜೆ, ಫೋನ್ ಎತ್ತುವವರಿಲ್ಲ. ಮೆಟ್ರಿ ಊರಿನವರೊಬ್ಬರ ಗೃಹಪ್ರವೇಶದ ಕಾರ್ಡನ್ನು ಸೋಮವಾರ ಬೆಳಿಗ್ಗೆ ಕಳಿಸಲೇಬೇಕು. "ನನ್ನ ಕೇಳದ ಬದಲ್ ಮಾಡ್ಯಾನ ನೋಡ್ರಿ!" ಎಂದು ಕೂಗಾಡಿದೆ.

"ಇರ್ಲಿ ಬಿಡು, ಬಂದಿದ್ದನ್ನ ಹಾಕಿ ನೋಡು," ಎಂದರು ನಮ್ಮವರು.

ಹಾಕಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಸಂಜೆಯವರೆಗೆ ಬಿಚ್ಚಿದ್ದೇ ಬಿಚ್ಚಿದ್ದು, ಹಾಕಿದ್ದೇ ಹಾಕಿದ್ದು. ಅತ್ತೆ ಬಾಗಿಲಲ್ಲಿ ನಿಂತು, "ತಿಂಗಳಗಟ್ಲೆ ಆರಿಸಿದ್ದು ಇದೇನವಾ? ನನ್ನ ಮಗನ್ನ ಒಂದ್ ಮಾತು ಕೇಳಿದ್ರ ಆಗ್ತಿರ್ಲಿಲ್ಲೇನು?" ಎಂದರು. ನಮ್ಮವರು ಚಹಾದ ಲೋಟದೊಳಗೆ ನೋಡುತ್ತ ಕೂತಿದ್ದರು. ನನ್ನ ಪರವಾಗಿ ಒಂದು ಮಾತಾಡಬಹುದಿತ್ತು ಎಂದು ಆಗಲೇ ಅನ್ನಿಸಿತ್ತು.

ಮೆಟ್ರಿಯವರ ಕಾರ್ಡು ಬೇರೆಯವರ ಪಾಲಾಯಿತು.

ಸೋಮವಾರ ಬೋರ್ಡು, ಪ್ರೊಸೆಸರ್, ರ್‍ಯಾಮ್ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡು ಒಬ್ಬಳೇ ಬಸ್ಸು ಹತ್ತಿದೆ. ಕಮಲಾಪುರ ದಾಟುವವರೆಗೂ ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಂಗಡಿಯವನು ನನ್ನ ಹಿಂದೆ ಇಣುಕಿ, "ಸರ್ ಬಂದಿಲ್ಲೇನ್ರಿ?" ಎಂದ. ಬೋರ್ಡನ್ನು ಮುಂದಿಟ್ಟು ಜೋಡಿಸಿಕೊಂಡದ್ದನ್ನೆಲ್ಲ ಸುರಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡ.

"ಮೇಡಂ, ನೀವು ಬರ್ದಿದ್ದು ಸ್ಟಾಕ್ ಇರ್ಲಿಲ್ರಿ. ಎರಡು ದಿನಾ ಕಾಯ್ರಿ, ಇಲ್ಲಾ ಇದು ಐತಿ, ಮೇಡಂ ಅವ್ರನ್ನ ಒಂದ್ ಸಲ ಕೇಳ್ರಿ ಅಂತ ಸರ್‌ಗೆ ಅಂದೆ. 'ಆಕೀನ ಏನ್ ಕೇಳೋದೈತಿ, ಕೊಡ್ರಿ' ಅಂದ್ರು."

ನಾನು ಬೈಯುವುದನ್ನು ಬಿಟ್ಟು, ಪರದೆ ಬೆಳಗುತ್ತಿಲ್ಲ ಎಂದಷ್ಟೇ ಹೇಳಿದೆ. ಬೋರ್ಡು ಹಳೆಯ ಸ್ಟಾಕಿನದೇ ಆಗಿತ್ತು. ಅವನು ಮೊದಲು ಅದಕ್ಕೆ ಒಂದು ಹಳೆಯ ಪ್ರೊಸೆಸರ್ ಹಾಕಿ, ಬೋರ್ಡಿನೊಳಗಿನ ಸಾಫ್ಟ್‌ವೇರನ್ನು ಹೊಸದು ಮಾಡಿ, ನನ್ನ ಪ್ರೊಸೆಸರ್ ಕೂರಿಸಿದ. ಅಂಗಡಿಯ ಪರದೆ ಬೆಳಗಿತು. ಅಲ್ಲಿಂದ ಪ್ರೆಸ್ಸಿಗೆ ಹೋಗಿ ಇನ್ನೊಂದು ಕಾರ್ಡು ಕೊಡಿ ಎಂದು ಕೇಳಿದೆ. ಕೊಟ್ಟರು, ಇದೇ ಕೊನೆ ಎಂಬಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಏನಂದ ಅಂಗಡ್ಯಾವ?"

"ಬ್ಯಾರೆ ಬೋರ್ಡ್ ಕೊಡ್ಲೇನು ಅಂತ ಇವರ್ನ ಕೇಳಿದ್ನಂತ ಅತ್ತಿ. ಇವ್ರು ಹೂಂ ಅಂದ್ರಂತ."

ಅತ್ತೆ ಮಗನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದರು.

ಊಟವಾದ ಮೇಲೆ ನಾನು ನಡುಮನೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತೆ. ನಮ್ಮವರು ಬಂದು ಪಕ್ಕದಲ್ಲಿ ನಿಂತರು. "ಅಂಗಡ್ಯಾಗ ನಾಕ್ ಮಂದಿ ಇದ್ರು. ಅವ್ರ ಮುಂದ ನಿನ್ನ ಕರ್ದು ಕೇಳಾಕ ಒಂಥರಾ ಆತು."

ನಾನು ತಲೆಯೆತ್ತಿ ಅವರನ್ನು ನೋಡಿದೆ. "ಮನ್ಯಾಗ ನಾಕ್ ಮಂದಿ ಕುಂತಾಗ, ಏ, ಚಾ ತಗೊಂಡ್ ಬಾ ಅಂತ ಅವ್ರ ಮುಂದ ಕೂಗ್ತೀರಲ್ರೀ, ಆವಾಗ ಆಗಂಗಿಲ್ಲೇನು ಒಂಥರಾ?"

ಅವರು ನೆಲದ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿ ಕೈಯಲ್ಲಿ ಹಿಡಿದುಕೊಂಡರು. ಕೇಳಿದೆ, ಕೊಟ್ಟರು.