ಗೊಬ್ಬರ ಕಾಣದ ತಾಕು ಮತ್ತು ನನ್ನ ಉಸ್ತುವಾರಿ

೧೯೮೮ರಲ್ಲಿ ಏಳನೇ ತರಗತಿ ಪಾಸಾದ ಮೇಲೆ ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಹೊಲದಲ್ಲಿ ಇನ್ನೊಂದು ಆಳು ಬೇಕಿತ್ತು, ನಾನು ಬೆಳೆದಿದ್ದೆ, ಅಷ್ಟೇ. ಕೆಲವು ವರ್ಷ ನನ್ನಿವಾಳದ ನಮ್ಮ ಹೊಲದಲ್ಲಿ ದುಡಿದೆ. ಕೆಲವು ವರ್ಷ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊತ್ತೆ. ಆಮೇಲೆ ವಿಶ್ವವಿದ್ಯಾಲಯದ ಸಂಶೋಧನಾ ಫಾರಂನಲ್ಲಿ ದಿನಗೂಲಿಗೆ ಸೇರಿದೆ. ಕೆಲಸ ಕಾಯಂ ಆಯಿತು, ಬೀಜದ ಗೋದಾಮು, ಟ್ರ್ಯಾಕ್ಟರ್ ಶೆಡ್ಡು ಎರಡೂ ನನ್ನ ಕೈಗೆ ಬಂದವು. ನಾನು ಹೊಲಿದ ಚೀಲದ ಬಾಯಿ ಬಿಚ್ಚಿಕೊಂಡ ದಿನವಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಫಾರಂ ಸೂಪರಿಂಟೆಂಡೆಂಟರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬೇರೆಯವರು ಬರಲಿಲ್ಲ. ಕೇಂದ್ರದ ಮುಖ್ಯಸ್ಥರಾಗಿದ್ದ ಪ್ರೊಫೆಸರು ಒಂದು ದಿನ ನನ್ನನ್ನು ಕರೆದು ಒಂದು ಹಾಳೆ ಕೊಟ್ಟರು. ಮುಂದಿನ ಆದೇಶದವರೆಗೆ ಕ್ಷೇತ್ರದ ಉಸ್ತುವಾರಿ ನನ್ನದು ಎಂದು ಅದರಲ್ಲಿತ್ತು. ಡಿಪ್ಲೊಮಾ ಆದವರು ಕೂರುವ ಜಾಗ ಅದು. ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡೆ. ಸರಿ ಸರ್ ಅಂದೆ.

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅವರಲ್ಲಿ ಹಿರಿಯಳಾದವಳು ಕುಡುಗೋಲು ಕೆಳಗಿಡದೆಯೇ ಕೇಳಿದಳು:

“ಸಾಹೇಬ್ರಿಗೆ ಕುರ್ಚಿ ತರ್ಬೇಕೋ, ಇಲ್ಲ ಬದಿನ ಮ್ಯಾಲೇ ಕುಂತ್ಕಂತೀರೋ?”

“ನೀನು ಮೊದ್ಲು ಆ ಸಾಲು ಮುಗ್ಸವ್ವಾ” ಎಂದೆ. ಎಲ್ಲರೂ ನಕ್ಕರು. ಒಳಗೊಳಗೇ ನನಗೂ ಖುಷಿಯಿತ್ತು. ಸುಳ್ಳು ಯಾಕೆ ಹೇಳಲಿ.

ರಸ್ತೆಯ ಪಕ್ಕದಲ್ಲಿ ಹಳೆಯ ಪ್ರಯೋಗದ ತಾಕುಗಳಿದ್ದವು, ಬದು ಹಾಕಿ ಬೇರೆ ಮಾಡಿದ ಸಣ್ಣ ಸಣ್ಣ ತುಂಡು ನೆಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಇದ್ದವು. ಒಂದೊಂದು ತಾಕಿಗೂ ಒಂದೊಂದು ಬಗೆಯ ಗೊಬ್ಬರ, ವರ್ಷಾವರ್ಷ ಅದೇ. ಕೊನೆಯ ತಾಕಿಗೆ ಮಾತ್ರ ಏನೂ ಹಾಕಬಾರದು ಎಂಬ ನಿಯಮ. ಶೇಂಗಾ ಅಲ್ಲಿ ಗೇಣುದ್ದ ಎದ್ದು ಹಳದಿಯಾಗಿ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಹೋಗುವವರಿಗೆ ಮೊದಲು ಕಾಣುವುದೇ ಅದು. ಶೆಡ್ಡಿನಲ್ಲಿದ್ದಷ್ಟು ದಿನ ಅದು ನನ್ನ ತಲೆನೋವಾಗಿರಲಿಲ್ಲ. ಉಸ್ತುವಾರಿ ಬಂದ ಮೇಲೆ ಆ ಕಡೆ ಹೋದಾಗಲೆಲ್ಲ, ನನ್ನ ಕೈಕೆಳಗಿನ ನೆಲ ಹೀಗಿದೆಯಲ್ಲ ಎಂದು ಕಣ್ಣಿಗೆ ಚುಚ್ಚತೊಡಗಿತು.

ಶೇಂಗಾ ಕಿತ್ತು ಮುಗಿಯಿತು. ನಮ್ಮ ಕಡೆ ಪೈರು ತೆಗೆದ ಮೇಲೆ ಹೊಲಕ್ಕೆ ಬಾಗಿಲಿಲ್ಲ. ನೆಲದಲ್ಲಿ ಉಳಿದ ಕಾಯಿಯ ಹಕ್ಕಲು ಆಯುವವರು ಬರುತ್ತಾರೆ, ಕುರಿ ಬರುತ್ತವೆ, ಬೇಡ ಅಂದವನನ್ನು ಊರು ವಿಚಿತ್ರವಾಗಿ ನೋಡುತ್ತದೆ. ಮಂದೆ ಕರೆದು ಹೊಲದಲ್ಲಿ ಒಂದು ರಾತ್ರಿ ನಿಲ್ಲಿಸಿಕೊಂಡರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಅದಕ್ಕೆ ಕುರಿಯವನಿಗೆ ಊಟ ಹಾಕಿ ನಾಲ್ಕು ಸೇರು ರಾಗಿ ಕೊಡುವುದು ರೂಢಿ. ಆ ವರ್ಷ ದೇವಸಮುದ್ರದ ಕಡೆಯ ಒಬ್ಬ ಕುರಿಯವನು ನಮ್ಮ ಬೇಲಿಯ ಹೊರಗೆ ಮಂದೆ ಮೇಯಿಸುತ್ತಿದ್ದ. ವಯಸ್ಸಾದವನು, ಎಷ್ಟೋ ವರ್ಷದ ಪರಿಚಯ, ಮಾವ ಎಂದೇ ಕರೆಯುತ್ತೇನೆ. ಒಂದು ಸಂಜೆ ಅವನನ್ನು ಕರೆದು ಆ ಕೊನೆಯ ತಾಕಿನಲ್ಲಿ ಮಂದೆ ನಿಲ್ಲಿಸಿದೆ. ರಾಗಿ ನನ್ನ ಮನೆಯದು. ಗೊಬ್ಬರ ಹಾಕಬಾರದು ಅನ್ನುವುದು ಪೈರಿದ್ದಾಗಿನ ಮಾತು, ಬರಿ ನೆಲಕ್ಕೆ ಯಾವ ನಿಯಮ ಎಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ, ಉಸ್ತುವಾರಿ ನನ್ನದೇ ತಾನೆ.

ಬೆಳಗ್ಗೆ ಮಂದೆ ಹೋದ ಮೇಲೆ, ಆ ತಾಕುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಮಣ್ಣು ತೆಗೆಯುವ ಕಬ್ಬಿಣದ ಕೊಳವೆ, ಬಟ್ಟೆ ಚೀಲ ಹಿಡಿದು ಬಂದಳು. ತಾಕಿನ ಅಂಚಿನಲ್ಲಿ ನಿಂತಳು. ಒಂದು ಹಿಕ್ಕೆ ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ಅಳಲಿಲ್ಲ, ಕೂಗಾಡಲಿಲ್ಲ.

“ಅಣ್ಣಾ, ಇದು ಬಡವಾಗೇ ಇರಬೇಕಿತ್ತು. ಇದನ್ನ ನೋಡಿಯೇ ಉಳಿದವು ಎಷ್ಟು ಗೆದ್ದವು ಅಂತ ಹೇಳೋದು. ಈಗ ಯಾವುದರ ಪಕ್ಕ ಇಟ್ಟು ಅಳೀಲಿ?”

ಆಗ ಗೊತ್ತಾಯಿತು. ನಾಲ್ಕು ವರ್ಷದಿಂದ ಅವಳು ಮಣ್ಣು ತೆಗೆಯುತ್ತಿದ್ದಳು, ಇದು ಕೊನೆಯ ಸಲದ್ದು. ಇದು ಕೆಟ್ಟರೆ ಹಿಂದಿನ ನಾಲ್ಕೂ ಅರ್ಧಕ್ಕೆ ನಿಲ್ಲುತ್ತವೆ.

ಅವಳು ಪ್ರೊಫೆಸರನ್ನು ಕರೆತರಲು ಹೋದಳು. ನಮ್ಮ ವಾಚ್‌ಮನ್ ನನ್ನ ಪಕ್ಕ ಬಂದು, ಬೇಲಿ ಮುರಿದುಕೊಂಡು ನುಗ್ಗಿದವು ಅಂದರಾಯಿತು, ಎರಡು ಮುಳ್ಳುಕಂಟಿ ಕಿತ್ತು ಹಾಕಿ ಬರುತ್ತೇನೆ ಎಂದ. ಕೆಟ್ಟ ಮನುಷ್ಯನಲ್ಲ, ನನ್ನ ಮೇಲಿನ ಅಭಿಮಾನಕ್ಕೆ ಹೇಳಿದ. ಹೆಂಗಸರೂ ಕೇಳಿಸಿಕೊಂಡರು. ನಾನು ಒಪ್ಪಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು.

ಪ್ರೊಫೆಸರು ಬಂದು ಒಂದೇ ಪ್ರಶ್ನೆ ಕೇಳಿದರು. ಕುರಿ ನುಗ್ಗಿ ಹಾದುಹೋದವೋ, ರಾತ್ರಿ ನಿಂತಿದ್ದವೋ? ಹಾದುಹೋಗಿದ್ದರೆ ಮೇಲಿನದನ್ನು ಗುಡಿಸಿ ಮಣ್ಣು ತೆಗೆಯಬಹುದು. ನಿಂತಿದ್ದರೆ ಗಂಜಲ ಇಳಿದಿರುತ್ತದೆ, ಆ ಮಣ್ಣು ತೆಗೆದರೆ ಹುಡುಗಿ ಬರೆಯುವುದೆಲ್ಲ ಸುಳ್ಳಾಗುತ್ತದೆ. ಮಾತು ನೆಟ್ಟಗಿತ್ತು. ನನ್ನ ಉಸ್ತುವಾರಿ ಉಳಿಯುವ ಉತ್ತರ ಒಂದು, ಅವಳ ಕೆಲಸ ನಿಜವಾಗಿ ಉಳಿಯುವ ಉತ್ತರ ಇನ್ನೊಂದು.

“ನಾನೇ ನಿಲ್ಸಿದ್ದು ಸರ್. ಸಂಜೆಯಿಂದ ಬೆಳಗಿನ ಮಟ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ತಾಕು ಪೂರ್ತಿ ನಿಂತಿದ್ದವಾ ಎಂದು ಹುಡುಗಿಯೇ ಕೇಳಿದಳು. ಇಲ್ಲ, ಕುರಿಯವನು ಗೂಟ ಹೊಡೆದು ಸುತ್ತ ಬಲೆ ಕಟ್ಟಿದ್ದ, ಅದರೊಳಗಷ್ಟೇ ಎಂದೆ. ಎಲ್ಲಿಂದ ಎಲ್ಲಿಗೆ? ನಾನು ರಾಗಿ ತರಲು ಮನೆಗೆ ಹೋಗಿದ್ದೆ, ಗೂಟ ಹೊಡೆದದ್ದನ್ನು ನೋಡಿರಲಿಲ್ಲ. ಬೆಳಗ್ಗೆ ಮಂದೆ ಎದ್ದು ಚದುರಿದಾಗ ಹಿಕ್ಕೆಯೂ ಚೆಲ್ಲಿತ್ತು, ಗೂಟದ ಗುಳಿಗಳೂ ತುಳಿತಕ್ಕೆ ಮುಚ್ಚಿದ್ದವು. ಹೇಳಬಲ್ಲವನು ಮಾವ ಒಬ್ಬನೇ. ಅವನು ಮಂದೆಯನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಹೋಗಿದ್ದ.

ಮೊಳಕಾಲ್ಮೂರು ಬಸ್ಸು ಹತ್ತಿದೆ. ಅಲ್ಲಿ ಬಸ್ಸು ಬದಲಿಸಿ ದೇವಸಮುದ್ರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಮಾವ ಜಗುಲಿಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದ.

“ಏಮಿ ಅಳಿಯಾ, ರಾಗಿ ವಾಪಸ್ ಕೇಳಾಕೆ ಬಂದ್ಯಾ?”

ನಡೆದದ್ದು ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಕುರಿ ನಿಂತಿದ್ದಕ್ಕೆ ನೆಲ ಕೆಡುವುದನ್ನು ತಾನು ಈ ವಯಸ್ಸಿಗೆ ಕೇಳುತ್ತಿರುವುದು ಇದೇ ಮೊದಲು ಎಂದ.

“ಅಷ್ಟು ಓದಿರೋರು ಒಂದು ಹೊಲಾನ ಉಪಾಸ ಕೆಡವ್ತಾರಾ? ಏನು ಪಾಪ ಮಾಡೈತಪ್ಪಾ ಅದು?”

“ಒಂದು ಉಪಾಸ ಇದ್ರೇ ಮಿಕ್ಕಿದ್ದರ ಊಟ ಗೊತ್ತಾಗೋದಂತೆ ಮಾವ. ಬಾ, ಗೂಟ ಎಲ್ಲಿ ಹೊಡ್ದೆ ತೋರ್ಸು.”

ಗೊಣಗುತ್ತಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಹೊತ್ತು ಇಳಿಯುವ ಮೊದಲು ತಾಕಿಗೆ ಬಂದೆವು. ಕುರಿಯವರು ಬಲೆ ಕಟ್ಟುವುದು ಹೆಜ್ಜೆಯ ಲೆಕ್ಕದಲ್ಲಿ. ಎಲ್ಲಿ ಕಟ್ಟಿದರೂ ಅಷ್ಟೇ ಹೆಜ್ಜೆ, ಬಲೆಯ ಉದ್ದ ಬದಲಾಗುವುದಿಲ್ಲವಲ್ಲ. ಮಾವ ಬಲೆ ಶುರುಮಾಡಿದ್ದ ಪಡುವಣ ಬದುವಿನಿಂದ ಹೆಜ್ಜೆ ಹಾಕಿಕೊಂಡು ಬಂದ, ನಿಂತ, ಹಿಮ್ಮಡಿಯಿಂದ ಮಣ್ಣು ಸರಿಸಿದ. ಕೆಳಗೆ ಗೂಟದ ಗುಳಿ ಇತ್ತು. ಅಲ್ಲಿಂದ ಮೂಡಣ ಬದುವಿಗೆ ಹತ್ತು ಹೆಜ್ಜೆ ನೆಲ ಬಲೆಯ ಹೊರಗೆ ಉಳಿದಿತ್ತು. ಚೆಲ್ಲಿದ್ದ ಹಿಕ್ಕೆಯನ್ನು ಆರಿಸಿ ತೆಗೆದೆವು. ಗಂಜಲ ಪಕ್ಕಕ್ಕೆ ಹರಿದಿರಬಹುದೆಂದು ಪ್ರೊಫೆಸರು ಎರಡು ಹೆಜ್ಜೆ ಬಿಡಿಸಿದರು. ಮರುದಿನ ಹುಡುಗಿ ಉಳಿದ ಎಂಟರಲ್ಲಿ ಮಣ್ಣು ತೆಗೆದಳು.

ತಾಕಿನ ಪುಸ್ತಕದಲ್ಲಿ ನಡೆದದ್ದನ್ನು ನನ್ನ ಕೈಯಿಂದಲೇ ಬರೆಸಿದರು. ಯಾರು, ಯಾವತ್ತು, ಎಷ್ಟು ಕುರಿ, ಎಲ್ಲಿಂದ ಎಲ್ಲಿಗೆ. ಒಂದು ಅಕ್ಷರವೂ ಹೊಡೆದು ಹಾಕದೆ ಬರೆದೆ, ಕೆಳಗೆ ಸಹಿ ಮಾಡಿದೆ. ನೋಟಿಸು ಕೊಡಲಿಲ್ಲ. ಒಂದು ತಿಂಗಳಿಗೆಲ್ಲ ಬೇರೆ ಕೇಂದ್ರದಿಂದ ಹೊಸ ಸೂಪರಿಂಟೆಂಡೆಂಟರನ್ನು ಹಾಕಿಸಿಕೊಂಡರು. ಬೀಗದ ಕೈ ಒಪ್ಪಿಸಿ ನಾನು ಗೋದಾಮಿಗೆ ವಾಪಸಾದೆ. ಹಿರಿಯ ಹೆಂಗಸು ಆ ದಿನ ಏನೂ ಹಾಸ್ಯ ಮಾಡಲಿಲ್ಲ, ಅದೇ ನನಗೆ ಕಷ್ಟವಾಯಿತು.

ಹುಡುಗಿಯ ಪ್ರಬಂಧ ಹೋದ ವರ್ಷ ಮುಗಿಯಿತು. ಬಲೆಯ ಒಳಗಿನ ನೆಲವನ್ನು ಪ್ರಯೋಗದಿಂದ ತೆಗೆದುಹಾಕಿದ್ದಾರೆ. ಹೊರಗಿನದರ ಸುತ್ತ ಕಲ್ಲು ನೆಡಿಸಿ, ಅಲ್ಲಿಗೆ ಯಾವ ಪ್ರಾಣಿಯೂ ಕಾಲಿಡದಂತೆ ನೋಡಿಕೊಳ್ಳುವ ಕೆಲಸವನ್ನು ಪ್ರೊಫೆಸರು ನನಗೇ ಹಚ್ಚಿದರು. ಅದಕ್ಕೆ ಆದೇಶದ ಹಾಳೆ ಏನಿಲ್ಲ, ಬಾಯಿ ಮಾತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ನನ್ನಿವಾಳದಲ್ಲಿ ಮೂರು ಎಕರೆ, ಮದುವೆಯಾದ ಒಬ್ಬ ಮಗಳು, ಓದುತ್ತಿರುವ ಒಬ್ಬ ಮಗ, ಗೋದಾಮಿನ ಎರಡು ಬೀಗದ ಕೈ, ಇನ್ನೂ ಉಳಿದಿರುವ ಒಂಬತ್ತು ವರ್ಷದ ಸರ್ವೀಸು, ಕಾಯುವುದಕ್ಕೆ ಎಂಟು ಹೆಜ್ಜೆ ಬಡ ನೆಲ.