ಗುಜರಿಗೆ ಹೊರಟಿದ್ದ ರಿಸೀವರ್

ಪೀಣ್ಯದ ಫ್ಯಾಕ್ಟರಿಗಳಲ್ಲಿ ನನ್ನಷ್ಟು ಬೇಗ ಕರೆಂಟ್ ಪ್ಯಾನೆಲ್ ವೈರಿಂಗ್ ಮುಗಿಸೋನು ಇನ್ನೊಬ್ಬ ಇರಲಿಲ್ಲ. ಹಾಗಾಗಿ ರಾಜಗೋಪಾಲನಗರದ ನಮ್ಮ ಮನೆ ಓನರ್ ರಂಗಣ್ಣ ಒಂದು ಭಾನುವಾರ ಬೆಳಗ್ಗೆ ನನ್ನ ರೂಮಿನ ಬಾಗಿಲು ತಟ್ಟಿ, "ಬಾ ಗುರು, ಮರ್ಯಾದೆ ಉಳಿಸು" ಅಂದಾಗ ನಂಗೇನೂ ಆಶ್ಚರ್ಯ ಆಗಲಿಲ್ಲ. ಅವರ ಮೂವತ್ತು ವರ್ಷದ ಸ್ಟೀರಿಯೋ ರಿಸೀವರ್, ಅಂದರೆ ಎರಡು ಸ್ಪೀಕರಿನ ರೇಡಿಯೋ ಸೆಟ್ಟು, ಇವತ್ತು ಹಾಡದಿದ್ದರೆ ಗುಜರಿಗೆ ಅಂತ ಹೆಂಡತಿ ಗೌರಮ್ಮ ಹಟ ಹಿಡಿದಿದ್ದರು. ಗುಜರಿಯವನು ಆಗಲೇ ತಕ್ಕಡಿ ಹಿಡಿದು ಗೇಟಿನಲ್ಲಿ ನಿಂತಿದ್ದ.

ಎರಡು ಸ್ಪೀಕರಿಗೂ ಹೊಸ ವೈರ್ ಎಳೆದೆ. "ಕೆಂಪು, ಕಪ್ಪು ನೋಡ್ಕೊಂಡು ಹಾಕಪ್ಪಾ" ಅಂದರು ರಂಗಣ್ಣ.

"ಬಲ್ಬಿಗೆ ಎಂಗೆ ಕೊಟ್ರೂ ಉರಿಯಲ್ವಾ ಸಾರ್? ಇದೂ ಅಂಗೇ" ಅಂದೆ.

ರೇಡಿಯೋ ಹಾಕಿದರೆ ಹಾಡು ಬಂತು. ಆದರೆ ಡೋಲು ತಗಡು ಬಡಿದ ಹಾಗೆ ಕೇಳಿಸಿತು. "ಹಳೇ ಸೆಟ್ಟು, ಇಷ್ಟೇ" ಅಂತ ಕೈ ಒರೆಸಿಕೊಂಡೆ. ರಂಗಣ್ಣನ ಮುಖ ಇಳಿದುಹೋಯ್ತು.

ಗೌರಮ್ಮ ಮಾತ್ರ ಒಂದೊಂದು ಸ್ಪೀಕರಿಗೂ ಕಿವಿ ಕೊಟ್ಟು, ಆಮೇಲೆ ನಡುಮಧ್ಯಕ್ಕೆ ಬಂದು ನಿಂತರು. "ಹತ್ರ ಹೋದ್ರೆ ಡೋಲು ಐತೆ, ಇಲ್ಲಿ ನಿಂತ್ರೆ ಮಾಯ. ಒಂದು ಸ್ಪೀಕರ್ ಗಾಳಿ ತಳ್ಳುವಾಗ ಇನ್ನೊಂದು ಎಳೀತೈತೆ ಕಣಪ್ಪಾ. ಒಂದರ ಕೆಂಪು, ಕಪ್ಪು ವೈರ್ ತಿರುಗಿಸಿ ಹಾಕಿ ನೋಡು."

ನಗು ತಡೆದುಕೊಂಡು ತಿರುಗಿಸಿದೆ. ಡೋಲು ಎದೆಗೇ ಬಂದು ಬಡಿಯಿತು. ರಂಗಣ್ಣ ಲುಂಗಿ ಎತ್ತಿಕಟ್ಟಿ ಕುಣಿದೇಬಿಟ್ಟರು.

"ಇದನ್ನ ಕೊಡಲ್ಲ ಕಣಪ್ಪಾ, ಬೇಕಾದ್ರೆ ಇವ್ರನ್ನ ತೂಕಕ್ಕೆ ಹಾಕ್ಕೋ" ಅಂದರು ಗೌರಮ್ಮ ಗುಜರಿಯವನಿಗೆ.

ಈಗ ನಮ್ಮ ಏರಿಯಾದಲ್ಲಿ ಯಾರ ಸ್ಪೀಕರ್ ಮುನಿಸಿಕೊಂಡರೂ ನನ್ನನ್ನೇ ಕರೀತಾರೆ. ಕಣ್ಣು ಮುಚ್ಚಿ ನಿಂತು ಕೇಳಿಯೇ ಕಾಯಿಲೆ ಹೇಳಿಬಿಡ್ತೀನಿ. ಈ ವಿದ್ಯೆ ಎಲ್ಲಿ ಕಲಿತೆ ಅಂತ ಇನ್ನೂ ಯಾರೂ ಕೇಳಿಲ್ಲ, ನಾನೂ ಆ ಮಾತು ಎತ್ತಿಲ್ಲ.