ಅಣಶಿಯ ಸೀತೆದಂಡೆ

ನನಗೆ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಲೈನ್‌ಮನ್, ಅಂದರೆ ಮಳೆಗೆ ಮೊದಲು ತಂತಿಗೆ ತಾಗುವ ಕೊಂಬೆ ಕಡಿಯುವುದೂ ನನ್ನ ಕೆಲಸವೇ. ಕಾಡಿನ ನಡುವಿನ ಊರು ಅಣಶಿಯಲ್ಲಿ ಮರ ಹತ್ತಿದ್ದೆ. ಕೆಳಗಿನ ಮನೆಯ ತಾಯಿಯೊಬ್ಬರು ಕೂಗಿದರು.

“ಆ ಕೊಂಬಿ ಬಿಡೋ ಅಣ್ಣಾ, ಸೀತೆದಂಡೆ ಮೊಗ್ಗು ಹಿಡದೈತಿ!”

“ಕರೆಂಟ್ ಬ್ಯಾಡೇನವ್ವಾ?”

“ಮಳಿಗಾಲದಾಗ ನಿಮ್ಮ ಕರೆಂಟ್ ಎಲ್ಲಿರತೈತಿ? ಹಳಿಯಾಳಕ್ಕ ಕೊಟ್ಟ ಮಗಳು ಈ ಹೂವು ಮುಡಿಯಾಕಂತ ಬರ್ತಾಳ. ಹ್ವಾದ ವರ್ಷ ಬರಲಿಲ್ಲ.”

ಕೊಂಬೆ ಉಳಿಸುವಂತಿರಲಿಲ್ಲ. ಸೀತೆದಂಡೆ ಅಂದರೆ ಮರದ ಕೊಂಬೆಗೆ ಅಂಟಿ ಬೆಳೆಯುವ ಆರ್ಕಿಡ್; ಆ ಗಿಡವನ್ನು ತೊಗಟೆ ಸಮೇತ ಬಿಡಿಸಿ ಅವರ ಅಂಗಳದ ಹಲಸಿಗೆ ಕಟ್ಟಿದೆ. ಅದು ಮರದ ರಸ ಹೀರುವುದಿಲ್ಲ, ಗಾಳಿಯ ತೇವವನ್ನೇ ಕುಡಿದು ಬದುಕುತ್ತದೆ ಎಂದು ವಿವರಿಸಿದೆ.

“ಅದಿರಲಿ, ಮಗಳಿಗೆ ಫೋನಿನಾಗ ಏನ್ ಹೇಳ್ಲಿ?”

“ಮೊಗ್ಗೈತಿ ಅಂತ ಹೇಳವ್ವಾ.”

ಅರಳುತ್ತದೆ ಎನ್ನಲಿಲ್ಲ. ಯಾಕೆಂದರೆ ಜಾಗ ಬದಲಾದ ವರ್ಷ ಈ ಗಿಡ… ತಡೆಯಿರಿ, ಆಫೀಸಿನಿಂದ ಕರೆಯುತ್ತಿದ್ದಾರೆ, ಎಲ್ಲೋ ತಂತಿ ಹರಿದಿದೆಯಂತೆ.